ಅಡ್ವಾನ್ಸ್‌ನಲ್ಲಿ ಎಷ್ಟು ಮುರಿದುಕೊಳ್ಳಬಹುದು?

ಪ್ರಶ್ನೆ: ಬೆಂಗಳೂರಿನ ವಿಜಯನಗರದಲ್ಲಿ ಎರಡು ಬೆಡ್‌ರೂಮಿನ ಮನೆಯೊಂದರಲ್ಲಿ ಮೂರು ವರ್ಷಕ್ಕೂ ಜಾಸ್ತಿ ಬಾಡಿಗೆಗಿದ್ದೆವು. ಬಾಡಿಗೆ 18,000 ರೂಪಾಯಿ, ಅಡ್ವಾನ್ಸ್ 1,50,000. ಅದರಲ್ಲಿ ಒಂದು ಲಕ್ಷ ಬ್ಯಾಂಕ್ ಮೂಲಕ, ಐವತ್ತು ಸಾವಿರ ನಗದು. ಎರಡನ್ನೂ ಅಗ್ರಿಮೆಂಟ್‌ನಲ್ಲಿ ಬರೆದಿದೆ. ಅಗ್ರಿಮೆಂಟ್ ನನ್ನ ಹೆಸರಲ್ಲಿದೆ. ಹನ್ನೊಂದು ತಿಂಗಳಿಗೆ ಮಾಡಿಸಿದ್ದು, ಆಮೇಲೆ ರಿನ್ಯೂ ಮಾಡಿಸಲಿಲ್ಲ. ಖಾಲಿ ಮಾಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿಯುವುದು, ಎರಡು ತಿಂಗಳ ಮೊದಲೇ ತಿಳಿಸುವುದು ಎಂದು ಅದರಲ್ಲಿದೆ. ನಾವು ಏಪ್ರಿಲ್ 20ಕ್ಕೆ ವಾಟ್ಸ್‌ಆ್ಯಪ್‌ನಲ್ಲಿ ತಿಳಿಸಿ, ಮೇ 31ಕ್ಕೆ ಬೀಗದ ಕೈ ಕೊಟ್ಟೆವು. ‘ಹೊಸಬರು ಬಂದ ತಕ್ಷಣ ಹಾಕ್ತೀನಿ’ ಎಂದರು ಓನರ್. ಹೊಸಬರು ಜೂನ್ 11ಕ್ಕೇ ಬಂದರು. ಎರಡು ತಿಂಗಳು ಸತಾಯಿಸಿ ಈಗ ಒಂದು ಪಟ್ಟಿ ಕಳಿಸಿದ್ದಾರೆ: ಪೇಂಟಿಂಗ್ 32,000, ಗೀಸರ್ 9,500, ಅಡುಗೆಮನೆ ಗ್ರಾನೈಟ್ 14,000, ಬಾತ್‌ರೂಂ ಬಾಗಿಲು 7,000, ಕ್ಲೀನಿಂಗ್ 5,500, ನೋಟಿಸ್ ಕಮ್ಮಿ ಕೊಟ್ಟಿದ್ದಕ್ಕೆ 18,000. ‘ಒಟ್ಟು 86,000 ಹೋಗಿ 64,000 ಬಾಕಿ, ಒಪ್ಪಿಗೆ ಅಂದರೆ ಹಾಕ್ತೀನಿ’ ಎಂದಿದ್ದಾರೆ. ಗ್ರಾನೈಟ್‌ನ ಒಂದು ಮೂಲೆ ಕುಕ್ಕರ್ ಬಿದ್ದು ನಮ್ಮಿಂದಲೇ ಒಡೆದದ್ದು. ಉಳಿದದ್ದು ಹಳೇ ಸಾಮಾನು. ಮನೆ ಮಾರುವ ಮಾತೂ ನಡೆಯುತ್ತಿದೆಯಂತೆ. ನಮಗೆ ಎಷ್ಟು ಬರಬೇಕು? ಪೊಲೀಸರಿಗೆ ದೂರು ಕೊಡಬಹುದಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಠಾಣೆಗೆ ಹೋಗಿ ದಿನ ಕಳೆಯಬೇಡಿ. ಇದು ಹಣದ ಲೆಕ್ಕದ ಜಗಳ, ಸಿವಿಲ್ ವಿಷಯ. ವಸೂಲಿ ಮಾಡಿಕೊಡುವುದು ಪೊಲೀಸರ ಕೆಲಸ ಅಲ್ಲ. ತನ್ನದಲ್ಲದ ಮನೆ ತೋರಿಸಿ ಅಡ್ವಾನ್ಸ್ ತಗೊಂಡವನ ಮೇಲೆ, ಅಥವಾ ಒಂದೇ ಮನೆಗೆ ನಾಲ್ಕು ಜನರಿಂದ ಹಣ ಪಡೆದವನ ಮೇಲೆ ವಂಚನೆಯ ಕೇಸು ಆಗುತ್ತದೆ. ನಿಮ್ಮ ಓನರ್ ಹಾಗೇನೂ ಮಾಡಿಲ್ಲ. ಅವರು ಮಾಡಿರುವುದು ಇಷ್ಟೇ: ನಿಮ್ಮ ಹಣ ಅವರ ಕೈಯಲ್ಲಿದೆ, ಪೆನ್ನೂ ಅವರ ಕೈಯಲ್ಲಿದೆ, ಅದಕ್ಕೆ ತೋಚಿದಷ್ಟು ಬರೆದಿದ್ದಾರೆ.

ನೀವೂ ಪೆನ್ನು ಹಿಡಿಯಿರಿ. ಇಂಥ ಕೇಸಿಗೆ ಬರುವವರಲ್ಲಿ ಹೆಚ್ಚಿನವರು ‘ಸರ್, ಅನ್ಯಾಯ ಆಗಿದೆ’ ಎನ್ನುತ್ತಾರೆ. ‘ನಿಮಗೆ ಎಷ್ಟು ಬರಬೇಕು’ ಎಂದರೆ ‘ಪೂರ್ತಿ’ ಎನ್ನುತ್ತಾರೆ. ಪೂರ್ತಿ ಅನ್ನೋದು ಉತ್ತರ ಅಲ್ಲ. ನಿಮ್ಮ ಕೇಸಿನಲ್ಲಂತೂ ಅಲ್ಲವೇ ಅಲ್ಲ, ಏಕೆಂದರೆ ಗ್ರಾನೈಟ್ ಒಡೆದದ್ದು ನೀವೇ ಎಂದು ನೀವೇ ಬರೆದಿದ್ದೀರಿ. ಅದನ್ನು ಮುಚ್ಚಿಡದೆ ಹೇಳಿದ್ದು ಒಳ್ಳೆಯದೇ ಆಯಿತು. ಕಳೆಯಬೇಕಾದ್ದನ್ನು ನೀವೇ ಕಳೆದು, ಉಳಿದ ಮೊತ್ತವನ್ನು ರೂಪಾಯಿ ಲೆಕ್ಕದಲ್ಲಿ ಕೇಳಿದರೆ ಎದುರಿನವರಿಗೆ ಜಾರಿಕೊಳ್ಳುವುದು ಕಷ್ಟ. ಪಟ್ಟಿಯನ್ನು ಒಂದೊಂದಾಗಿ ನೋಡೋಣ.

ಅದಕ್ಕೆ ಮೊದಲು ಯಾವ ಕಾನೂನು ಎಂಬುದು ಗೊತ್ತಿರಲಿ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ನಿಮಗೆ ಅನ್ವಯಿಸುವುದಿಲ್ಲ. ಬೆಂಗಳೂರಿನಂಥ ಊರಿನಲ್ಲಿ ವಾಸದ ಮನೆಯ ಬಾಡಿಗೆ ತಿಂಗಳಿಗೆ 3,500 ರೂಪಾಯಿ ದಾಟಿದರೆ ಅದು ಆ ಕಾಯ್ದೆಯ ಹೊರಗೆ. ಈಗ ವಿಜಯನಗರದಲ್ಲಿ 3,500ಕ್ಕೆ ಬೈಕ್ ನಿಲ್ಲಿಸೋ ಜಾಗ ಸಿಕ್ಕರೆ ದೊಡ್ಡದು. ಹಾಗಾಗಿ ನಿಮ್ಮ ವ್ಯವಹಾರ 1882ರ ಆಸ್ತಿ ವರ್ಗಾವಣೆ ಕಾಯ್ದೆ, 1872ರ ಕರಾರು ಕಾಯ್ದೆ ಮತ್ತು ನಿಮ್ಮ ಅಗ್ರಿಮೆಂಟ್ ಮೇಲೆ ನಿಲ್ಲುತ್ತದೆ.

‘ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ತಗೊಳ್ಳೋ ಹಾಗಿಲ್ಲ’ ಎಂಬ ಸಂದೇಶ ನಿಮ್ಮ ಫೋನಿಗೂ ಬಂದಿರಬಹುದು. ಆ ಮಾತು ಬಂದಿದ್ದು 2021ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಿಂದ. ವಾಸದ ಮನೆಗೆ ಎರಡು ತಿಂಗಳು, ಅಂಗಡಿ ಕಚೇರಿಗಳಿಗೆ ಆರು ತಿಂಗಳು ಎಂದು ಅದರಲ್ಲಿದೆ, ನಿಜ. ಆದರೆ ಅದು ಮಾದರಿ ಮಾತ್ರ. ರಾಜ್ಯವೊಂದು ಅದನ್ನು ತನ್ನ ಕಾಯ್ದೆಯಾಗಿ ಮಾಡಿಕೊಂಡಾಗಲೇ ಅಲ್ಲಿ ಜಾರಿ. ಓನರ್‌ಗೆ ಕಳಿಸುವ ವಕೀಲರ ನೋಟಿಸ್‌ನಲ್ಲಿ ಅದನ್ನು ಎತ್ತಬೇಡಿ. ಎದುರಿನ ವಕೀಲರಿಗೆ ಸುಮ್ನೆ ಒಂದು ಸುಲಭದ ಉತ್ತರ ಸಿಗುತ್ತದೆ, ಅಷ್ಟೇ.

ಅಗ್ರಿಮೆಂಟ್ ಮುಗಿದು ಎರಡು ವರ್ಷದ ಮೇಲಾಗಿದೆ, ಅದಕ್ಕಿನ್ನೂ ಬೆಲೆ ಇದೆಯಾ ಎಂಬ ಅನುಮಾನ ನಿಮಗೆ ಇರಬಹುದು. ಅವಧಿ ಮುಗಿದ ಮೇಲೂ ನೀವು ಅಲ್ಲೇ ಇದ್ದಿರಿ, ಅವರು ಬಾಡಿಗೆ ತಗೊಳ್ಳುತ್ತಾ ಹೋದರು. ಆಸ್ತಿ ವರ್ಗಾವಣೆ ಕಾಯ್ದೆಯ 116ನೇ ಸೆಕ್ಷನ್ ಪ್ರಕಾರ ಆಗ ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಯಾಗುತ್ತದೆ. ಅಂಥ ಬಾಡಿಗೆಗೆ ಬೇರೆ ಕರಾರು ಇಲ್ಲದಿದ್ದರೆ ಹದಿನೈದು ದಿನದ ನೋಟಿಸ್ ಸಾಕು ಎನ್ನುತ್ತದೆ 106ನೇ ಸೆಕ್ಷನ್. ‘ನಾವು ನಲವತ್ತೊಂದು ದಿನ ಕೊಟ್ಟಿದ್ದೇವೆ, ಎರಡು ತಿಂಗಳ ಮಾತೇ ಬರುವುದಿಲ್ಲ’ ಎಂದು ನಿಮ್ಮ ಪರವಾಗಿ ವಾದ ಮಾಡಬಹುದು.

ನಾನಾದರೆ ಆ ವಾದ ಹಿಡಿಯುವುದಿಲ್ಲ. ಯಾಕೆ ಗೊತ್ತಾ? ಪೇಂಟಿಂಗ್ ವಿಷಯದಲ್ಲಿ ನಿಮ್ಮನ್ನು ಕಾಪಾಡುವುದು ಅದೇ ಅಗ್ರಿಮೆಂಟ್. ನೋಟಿಸ್ ಸಾಲಿಗೆ ಬಂದಾಗ ‘ಅಗ್ರಿಮೆಂಟ್ ಮುಗಿದುಹೋಗಿದೆ’ ಅಂತ, ಪೇಂಟಿಂಗ್ ಸಾಲಿಗೆ ಬಂದಾಗ ‘ಅಗ್ರಿಮೆಂಟ್ ನೋಡಿ ಸ್ವಾಮಿ’ ಅಂತ ಹೇಳಿದರೆ ಕೇಳುವವರಿಗೆ ನಗು ಬರುತ್ತದೆ. ಎರಡರಲ್ಲಿ ಯಾವುದು ಲಾಭ ಎಂದು ಲೆಕ್ಕ ಹಾಕಿದರೆ ಅಗ್ರಿಮೆಂಟ್ ಪೂರ್ತಿ ಒಪ್ಪಿಕೊಳ್ಳುವುದೇ ಲಾಭ.

ಪೇಂಟಿಂಗ್: ಒಂದು ತಿಂಗಳ ಬಾಡಿಗೆ ಎಂದು ಬರೆದಿದೆ. ಅಂದರೆ 18,000. ಅವರಿಗೆ 32,000 ಖರ್ಚಾಗಿದ್ದರೂ ಅದು ಅವರ ಪಾಡು. ಹದಿನೈದೇ ಸಾವಿರದಲ್ಲಿ ಮುಗಿದಿದ್ದರೆ ಮಿಕ್ಕಿದ್ದನ್ನು ನಿಮಗೆ ವಾಪಸ್ ಕೊಡುತ್ತಿದ್ದರಾ? ಇಲ್ಲ ಅಲ್ವಾ. ಮಾತು ಎರಡೂ ಕಡೆಗೆ ಒಂದೇ. ಈ ಪೇಂಟಿಂಗ್ ಪದ್ಧತಿ ನನಗಂತೂ ಹಿಡಿಸುವುದಿಲ್ಲ. ಮೂರು ವರ್ಷ ಜನ ವಾಸ ಮಾಡಿದ ಮನೆಯ ಗೋಡೆ ಮಾಸುವುದು ಸಹಜ, ಅದಕ್ಕೇ ಬಾಡಿಗೆ ಕೊಡುವುದು. ಅಗ್ರಿಮೆಂಟ್‌ನಲ್ಲಿ ಆ ಸಾಲು ಇಲ್ಲದಿದ್ದರೆ ಒಂದು ರೂಪಾಯಿಯೂ ಕೊಡಬೇಡಿ ಎನ್ನುತ್ತಿದ್ದೆ. ಆದರೆ ನೀವು ಸಹಿ ಹಾಕಿದ್ದೀರಿ.

ಮುಂದಿನ ಮೂರು ಸಾಲಿಗೆ ಕೀಲಿ ಇರುವುದು ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್‌ನಲ್ಲಿ. ಮನೆಯನ್ನು ಹೇಗೆ ಪಡೆದಿರೋ ಹಾಗೇ ವಾಪಸ್ ಕೊಡಬೇಕು, ಆದರೆ ಸಾಮಾನ್ಯ ಬಳಕೆಯಿಂದ ಆಗುವ ಸವೆತ ಬಿಟ್ಟು, ಎನ್ನುತ್ತದೆ ಅದು. ಸವೆತ ಯಾವುದು, ಹಾನಿ ಯಾವುದು? ಜಗಳ ಹುಟ್ಟುವುದೇ ಇಲ್ಲಿ. ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಆ ಮನೆಯಲ್ಲಿ ಓನರ್ ತಾವೇ ವಾಸವಿದ್ದು, ಹುಷಾರಾಗಿ ಬಳಸಿದ್ದರೂ ಇದು ಆಗುತ್ತಿತ್ತಾ? ಆಗುತ್ತಿತ್ತು ಎಂದಾದರೆ ಸವೆತ. ಕ್ಯಾಲೆಂಡರ್ ಹಾಕಿದ ನಾಲ್ಕು ಮೊಳೆಯ ತೂತು ಸವೆತ. ಟಿವಿ ಸ್ಟ್ಯಾಂಡ್ ಕಿತ್ತಾಗ ಗೋಡೆಯ ಗಾರೆಯೇ ಅಂಗೈಯಗಲ ಉದುರಿ ಇಟ್ಟಿಗೆ ಕಂಡರೆ ಅದು ಹಾನಿ. ನಲ್ಲಿಯ ವಾಷರ್ ಹೋಗಿ ನೀರು ತೊಟ್ಟಿಕ್ಕುವುದು ಸವೆತ. ಕಮೋಡ್ ಮೇಲೆ ಸುತ್ತಿಗೆ ಬಿದ್ದು ಸೀಳಿದ್ದು ಹಾನಿ.

ಗೀಸರ್ ಎಷ್ಟು ಹಳೆಯದು ಎಂದು ನೀವು ಬರೆದಿಲ್ಲ. ‘ಹಳೇ ಸಾಮಾನು’ ಎಂದಿದ್ದೀರಿ. ನೀವು ಮನೆಗೆ ಬಂದಾಗಲೇ ಅದು ಅಲ್ಲಿತ್ತು ಎಂದಾದರೆ ಕಮ್ಮಿ ಎಂದರೂ ಮೂರು ವರ್ಷದ್ದು. ಬೆಂಗಳೂರಿನ ಬೋರ್‌ವೆಲ್ ನೀರಿಗೆ ಗೀಸರ್‌ನ ಕಾಯಿಲ್ ಸುಣ್ಣದಂಥ ಪದರ ಕಟ್ಟಿ ಸುಟ್ಟುಹೋಗುವುದು ಯಾರ ಮನೆಯಲ್ಲೂ ನಡೆಯುವ ಸಂಗತಿ. ಅದಕ್ಕೆ ನಿಮ್ಮ ಹಣದಲ್ಲಿ ಹೊಸ ಗೀಸರ್ ಬರುವುದಿಲ್ಲ. ಒಂದು ಮಾತು ನೆನಪಿಡಿ, ಇದು ಪಟ್ಟಿಯ ಪ್ರತಿ ಸಾಲಿಗೂ ಬೇಕು: ನೀವೇ ಹಾಳು ಮಾಡಿದ್ದರೂ ಕೊಡಬೇಕಾದ್ದು ಹಳೇ ವಸ್ತುವಿನ ಉಳಿದ ಬೆಲೆ, ಹೊಸದರ ಬೆಲೆ ಅಲ್ಲ. ನಷ್ಟ ಎಷ್ಟೋ ಪರಿಹಾರ ಅಷ್ಟು. ಅಡ್ವಾನ್ಸ್ ಹಣದಲ್ಲಿ ಮನೆ ಹೊಸತಾಗಬಾರದು. ಗೀಸರ್‌ಗೆ ಸೊನ್ನೆ ಬರೆಯಿರಿ.

ಬಾತ್‌ರೂಂ ಬಾಗಿಲಿಗೂ ಸೊನ್ನೆ. ಮರದ ಅಥವಾ ಪ್ಲೈವುಡ್ ಬಾಗಿಲಿನ ಕೆಳಗಿನ ನಾಲ್ಕು ಇಂಚು ನೀರು ಕುಡಿದು ಉಬ್ಬಿ, ಪದರ ಪದರವಾಗಿ ಬಿಟ್ಟುಕೊಳ್ಳುತ್ತದೆ. ಬಾತ್‌ರೂಂನಲ್ಲಿ ನೀರು ಬಳಸಿದ್ದಕ್ಕೆ ದಂಡ ಹಾಕಲಾಗುತ್ತಾ? ನೀವು ಒದ್ದು ಮುರಿದಿಲ್ಲ ತಾನೇ, ಅಷ್ಟು ಸಾಕು.

ಕ್ಲೀನಿಂಗ್ 5,500: ಮನೆ ಗುಡಿಸಿ, ಒರೆಸಿ, ಕಸ ಖಾಲಿ ಮಾಡಿ ಕೊಟ್ಟಿದ್ದರೆ ಇದನ್ನೂ ಕೊಡಬೇಕಿಲ್ಲ. ಬಿಡುವ ದಿನ ತೆಗೆದ ಫೋಟೊ, ವಿಡಿಯೊ ಇದೆಯಾ? ಲಾರಿ ತುಂಬುವಾಗ ಮಕ್ಕಳ ಫೋಟೊ ತೆಗೆದಿದ್ದೀರೇನೋ, ಹಿಂದೆ ಖಾಲಿ ಹಾಲ್ ಕಾಣುತ್ತಿದೆಯಾ ಹುಡುಕಿ. ಅದೂ ಸಾಕ್ಷಿಯೇ. ಪೇಂಟ್ ಮಾಡಿಸಿದ ಮೇಲೆ ನೆಲದ ಮೇಲೆ ಬಿದ್ದ ಪೇಂಟ್ ಕಲೆ ತೆಗೆಸಲು ಓನರ್‌ಗಳು ಹೇಗೂ ಕ್ಲೀನಿಂಗ್ ಮಾಡಿಸುತ್ತಾರೆ. ಅದು ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ.

ಗ್ರಾನೈಟ್ ನಿಮ್ಮ ತಪ್ಪು. ಇದನ್ನು ಒಪ್ಪಿಕೊಳ್ಳಿ. ಆದರೆ ಒಡೆದದ್ದು ಒಂದು ಮೂಲೆ, ಅವರು ಬರೆದಿರುವುದು ಇಡೀ ಕಟ್ಟೆ ಬದಲಾಯಿಸುವ ಖರ್ಚು. ಮೂಲೆ ಚಕ್ಕೆ ಎದ್ದರೆ ಅದೇ ಬಣ್ಣದ ರೆಸಿನ್ ತುಂಬಿ ಪಾಲಿಶ್ ಹಿಡಿಯುವ ಕೆಲಸದವರು ಇದ್ದಾರೆ. ಇಲ್ಲವೇ ಆ ತುಂಡನ್ನು ಮಾತ್ರ ಕೊಯ್ದು ಹೊಸ ತುಂಡು ಕೂರಿಸುತ್ತಾರೆ. ನೀವು ಮಾಡಬೇಕಾದ್ದು ಇಷ್ಟು: ಒಬ್ಬ ಗ್ರಾನೈಟ್ ಕೆಲಸದವರಿಗೆ ಫೋಟೊ ತೋರಿಸಿ, ರಿಪೇರಿಗೆ ಎಷ್ಟಾಗುತ್ತದೆ ಎಂದು ಒಂದು ಚೀಟಿ ಬರೆಸಿಕೊಳ್ಳಿ. ಸದ್ಯಕ್ಕೆ 5,000 ಎಂದಿಟ್ಟುಕೊಳ್ಳೋಣ, ಚೀಟಿ ಬಂದ ಮೇಲೆ ತಿದ್ದಿಕೊಳ್ಳಿ. ಹೊಸ ಬಾಡಿಗೆದಾರರು ಹತ್ತೇ ದಿನದಲ್ಲಿ ಬಂದಿದ್ದಾರೆ ಎಂದಿರಿ. ಅಷ್ಟರಲ್ಲಿ ಕಟ್ಟೆ ಕಿತ್ತು ಹೊಸದು ಹಾಕಿಸಿದ್ದಾರಾ, ಅಥವಾ ಅದೇ ಒಡೆದ ಮೂಲೆಯ ಪಕ್ಕದಲ್ಲಿ ಈಗ ಇನ್ನೊಬ್ಬರ ಸ್ಟವ್ ಉರಿಯುತ್ತಿದೆಯಾ? ಮಾಡಿಸದ ರಿಪೇರಿಗೆ ಹೊಸ ಕಟ್ಟೆಯ ಬೆಲೆ ಹಿಡಿದ ಓನರ್‌ಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಬಿಲ್ ಕೇಳಿ. ಬಿಲ್ ಕೇಳುವುದು ಅಗೌರವ ಅಲ್ಲ.

ಉಳಿದದ್ದು ನೋಟಿಸ್ ಅವಧಿ. ಏಪ್ರಿಲ್ 20ರಿಂದ ಎರಡು ತಿಂಗಳು ಎಂದರೆ ಜೂನ್ 20. ನೀವು ಮೇ ಕೊನೆಗೆ ಬಿಟ್ಟಿರಿ, ಬಾಡಿಗೆಯನ್ನೂ ಅಲ್ಲಿಯವರೆಗೆ ಕೊಟ್ಟಿದ್ದೀರಿ ಎಂದುಕೊಂಡಿದ್ದೇನೆ. ಕಮ್ಮಿಯಾದದ್ದು ಇಪ್ಪತ್ತು ದಿನ. ಇಡೀ ತಿಂಗಳ 18,000 ಎಲ್ಲಿಂದ ಬಂತು? ಇಪ್ಪತ್ತು ದಿನಕ್ಕೆ 12,000 ಆಗಬೇಕು. ಅದೂ ಅಲ್ಲ. ಜೂನ್ 11ರಿಂದ ಅವರಿಗೆ ಬೇರೆಯವರ ಬಾಡಿಗೆ ಶುರುವಾಗಿದೆ. ಮನೆ ಖಾಲಿ ಇದ್ದದ್ದು ಹತ್ತೇ ದಿನ. ಕರಾರು ಕಾಯ್ದೆಯ 74ನೇ ಸೆಕ್ಷನ್‌ನ ತಿರುಳು ಏನೆಂದರೆ, ಕರಾರಿನಲ್ಲಿ ದಂಡ ಎಷ್ಟೇ ಬರೆದಿದ್ದರೂ ಸಿಗುವುದು ನ್ಯಾಯವಾದ ಪರಿಹಾರ, ಬರೆದ ಮೊತ್ತ ಅದರ ಮೇಲಿನ ಮಿತಿ ಅಷ್ಟೇ. ಒಂದೇ ದಿನಕ್ಕೆ ಇಬ್ಬರಿಂದ ಬಾಡಿಗೆ ತಗೊಳ್ಳುವುದನ್ನು ನ್ಯಾಯ ಅನ್ನಲಾಗುವುದಿಲ್ಲ. ದಿನಕ್ಕೆ 600ರಂತೆ ಹತ್ತು ದಿನಕ್ಕೆ 6,000.

ಕೂಡಿಸಿ: 18,000, 5,000, 6,000. ಒಟ್ಟು 29,000. ನಿಮಗೆ ಬರಬೇಕಾದ್ದು 1,21,000 ರೂಪಾಯಿ. ಕೊನೆಯ ಬೆಸ್ಕಾಂ ಬಿಲ್ ಮತ್ತು ನೀರಿನ ಬಿಲ್ ಕಟ್ಟಿದ ರಸೀದಿ ಇಟ್ಟುಕೊಂಡಿದ್ದೀರಿ ತಾನೇ? ಕಟ್ಟಿಲ್ಲದಿದ್ದರೆ ಅದನ್ನೂ ಕಳೆಯಿರಿ. ಇಲ್ಲದಿದ್ದರೆ ಅವರ ಮುಂದಿನ ಪಟ್ಟಿಯಲ್ಲಿ ಅದು ಬಂದೇ ಬರುತ್ತದೆ.

ಈಗ ಅವರ ಪಟ್ಟಿಯನ್ನು ಇನ್ನೊಮ್ಮೆ ಓದಿ. ನಿಮಗೆ ಕೋಪ ಬರಿಸಿದ ಆ ಸಂದೇಶ ನಿಮ್ಮ ಕೈಗೆ ಸಿಕ್ಕಿರುವ ಬಲವಾದ ಕಾಗದ. 1,50,000 ತಗೊಂಡಿದ್ದೇನೆ ಎಂದು ಅವರೇ ಬರೆದಂತಾಯಿತು, ನಗದು ಐವತ್ತು ಸಾವಿರವೂ ಅದರೊಳಗೇ ಬಂತು. 64,000 ಕೊಡಬೇಕು ಎಂದೂ ಬರೆದಿದ್ದಾರೆ. ಆ 64,000ಕ್ಕೆ ಇನ್ನು ಜಗಳವೇ ಇಲ್ಲ. ಆ ಚಾಟ್ ಅಳಿಸಬೇಡಿ, ಫೋನ್ ಬದಲಾಯಿಸುವ ಯೋಚನೆ ಇದ್ದರೆ ಸ್ವಲ್ಪ ತಡೆಯಿರಿ. ವಾಟ್ಸ್‌ಆ್ಯಪ್ ಸಂದೇಶ ಕೋರ್ಟಿನಲ್ಲಿ ನಡೆಯುತ್ತದೆ, ಆದರೆ ಬರೀ ಸ್ಕ್ರೀನ್‌ಶಾಟ್ ಸಾಲದು. ಹೊಸ ಸಾಕ್ಷ್ಯ ಕಾಯ್ದೆಯ, ಅಂದರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಅದರ ಜೊತೆ ಒಂದು ಪ್ರಮಾಣಪತ್ರ ಹಾಕಬೇಕಾಗುತ್ತದೆ. ಮೂಲ ಫೋನ್ ನಿಮ್ಮ ಬಳಿಯೇ ಇದ್ದರೆ ಕೆಲಸ ಸುಲಭ.

ಒಂದೇ ಒಂದು ಕಡೆ ಎಚ್ಚರ. ‘ಒಪ್ಪಿಗೆ ಅಂದರೆ ಹಾಕ್ತೀನಿ’ ಎಂದಿದ್ದಾರಲ್ಲ, ಅಲ್ಲಿ ‘ಸರಿ ಸರ್’ ಎಂದು ಬರೆದುಬಿಟ್ಟರೆ ಕಥೆ ಅಲ್ಲಿಗೇ ಮುಗಿಯಿತು. ಎರಡು ಪದಕ್ಕೆ 57,000 ರೂಪಾಯಿ ಹೋಗುತ್ತದೆ. ಹಣ ಬೇಡ ಎನ್ನಬೇಡಿ. ‘64,000 ಹಾಕಿ, ಅದನ್ನು ಭಾಗಶಃ ಹಣವಾಗಿ ತಗೊಳ್ಳುತ್ತೇನೆ, ಉಳಿದ ಲೆಕ್ಕ ಬಾಕಿ ಇದೆ’ ಎಂದು ಬರೆಯಿರಿ.

ನಾನೂ ಒಮ್ಮೆ ಹೀಗೆ ಬಿಟ್ಟುಕೊಟ್ಟವನೇ. ಪ್ರಾಕ್ಟೀಸ್ ಶುರು ಮಾಡಿದ ಹೊಸತು. ಮೊದಲ ಮಹಡಿಯ ಒಂದು ಕೋಣೆ, ಮೇಲೆ ಶೀಟು. ಬಿಡುವ ದಿನ ಓನರ್ ಒಂದು ಬಕೆಟ್, ಎರಡು ಬಲ್ಬ್, ಸಿಂಕ್‌ನ ಜಾಲರಿ ಎಂದು ಬೆರಳು ಮಡಚುತ್ತಾ ಹೋದರು. ನಾನು ಕರಿ ಕೋಟು ಕೈ ಮೇಲೆ ಹಾಕಿಕೊಂಡು ನಿಂತಿದ್ದೆ, ಕೆಳಗೆ ಟೆಂಪೋದವನು ಹಾರ್ನ್ ಹೊಡೆಯುತ್ತಿದ್ದ. ‘ಸರಿ ಬಿಡಿ’ ಎಂದು ಕೊಟ್ಟಷ್ಟು ತಗೊಂಡು ಬಂದೆ. ಆಗ ನನಗೆ 108ನೇ ಸೆಕ್ಷನ್ ಬಾಯಿಪಾಠ ಇತ್ತು. ಟೆಂಪೋ ಕಾಯುತ್ತಿರುವಾಗ ಅದು ನೆನಪಿಗೆ ಬರುವುದಿಲ್ಲ.

ಹಾಗಾಗಿ ಇಂದೇ ಕೂತು ಒಂದು ಸಂದೇಶ ಬರೆಯಿರಿ. ವಾಟ್ಸ್‌ಆ್ಯಪ್, ಇಮೇಲ್ ಎರಡಕ್ಕೂ ಕಳಿಸಿ. ಬೈಗುಳ ಬೇಡ, ‘ಕೋರ್ಟಿಗೆ ಎಳೀತೀನಿ’ ಬೇಡ. ಹೀಗಿರಲಿ:

‘ನಮಸ್ಕಾರ ಸರ್. ನಾವು ಮೇ 31ಕ್ಕೆ ಮನೆ ಖಾಲಿ ಮಾಡಿ ಬೀಗದ ಕೈಗಳನ್ನು ನಿಮಗೆ ಒಪ್ಪಿಸಿದ್ದೇವೆ. ನಿಮ್ಮ ಬಳಿ ಇರುವ ಅಡ್ವಾನ್ಸ್ 1,50,000 ರೂಪಾಯಿ. ಅಗ್ರಿಮೆಂಟ್ ಪ್ರಕಾರ ಪೇಂಟಿಂಗ್‌ಗೆ 18,000, ಗ್ರಾನೈಟ್ ಮೂಲೆಯ ರಿಪೇರಿಗೆ 5,000, ಮನೆ ಖಾಲಿ ಇದ್ದ ಹತ್ತು ದಿನಕ್ಕೆ 6,000 ಕಳೆದು ಉಳಿದ 1,21,000 ರೂಪಾಯಿಯನ್ನು ಹತ್ತು ದಿನದೊಳಗೆ ನನ್ನ ಖಾತೆಗೆ ಹಾಕಬೇಕಾಗಿ ವಿನಂತಿ. ಗ್ರಾನೈಟ್‌ಗೆ ಹೆಚ್ಚು ಖರ್ಚಾಗಿದ್ದರೆ ಬಿಲ್ ಕಳಿಸಿ, ನೋಡುತ್ತೇನೆ. ಗೀಸರ್ ಮತ್ತು ಬಾಗಿಲು ಬಳಕೆಯ ಸವೆತ, ಮನೆಯನ್ನು ಸ್ವಚ್ಛ ಮಾಡಿಯೇ ಕೊಟ್ಟಿದ್ದೇವೆ, ಆದ್ದರಿಂದ ಅವುಗಳ ಖರ್ಚನ್ನು ಒಪ್ಪುವುದಿಲ್ಲ. ಜಗಳವಿಲ್ಲದೆ ಮುಗಿಯಲಿ ಎಂದು ಈ ಲೆಕ್ಕ ಕೊಟ್ಟಿದ್ದೇನೆ. ಹತ್ತು ದಿನದೊಳಗೆ ಹಣ ಬಂದರೆ ಮಾತ್ರ ಈ ಲೆಕ್ಕಕ್ಕೆ ನಾನು ಬದ್ಧ.’

ಕೊನೆಯ ಎರಡು ವಾಕ್ಯ ಬಿಡಬೇಡಿ. ನೀವು ಕಳೆದುಕೊಟ್ಟಿರುವುದು ರಾಜಿಗಾಗಿ. ನಾಳೆ ಕೇಸ್ ಹಾಕಬೇಕಾಗಿ ಬಂದರೆ ‘29,000ಕ್ಕೆ ಮೊದಲೇ ಒಪ್ಪಿದ್ದಾರೆ’ ಎಂದು ಅದನ್ನೇ ನಿಮ್ಮ ಮೇಲೆ ಹಿಡಿಯಬಾರದು.

ಹತ್ತು ದಿನ ಕಳೆದರೂ ಹಣ ಬರಲಿಲ್ಲ ಎಂದರೆ ವಕೀಲರ ನೋಟಿಸ್. ಕಾನೂನು ಪ್ರಕಾರ ವಕೀಲರೇ ಬೇಕು ಎಂದೇನಿಲ್ಲ, ನೀವೇ ಬರೆಯಬಹುದು. ಆದರೆ ನನ್ನ ಅನುಭವದಲ್ಲಿ ಲೆಟರ್‌ಹೆಡ್‌ಗೆ ಸಿಗುವ ಉತ್ತರವೇ ಬೇರೆ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ತಲುಪಿದ ದಾಖಲೆ ಇಟ್ಟುಕೊಳ್ಳಿ. ತಗೊಳ್ಳದೆ ವಾಪಸ್ ಕಳಿಸಿದರೆ ಗಾಬರಿ ಬೇಡ. ಸರಿಯಾದ ವಿಳಾಸಕ್ಕೆ ಹೋದ ನೋಟಿಸ್ ಬೇಡ ಎಂದರೆ ಅದು ತಲುಪಿದಂತೆಯೇ ಎಂದು ಕೋರ್ಟುಗಳು ಎಣಿಸುತ್ತವೆ. ಆ ಕವರ್ ಒಡೆಯದೆ ಹಾಗೇ ಇಡಿ. ನೋಟಿಸ್‌ನಲ್ಲಿ ಬಡ್ಡಿಯನ್ನು ಬಾಯಿಬಿಟ್ಟು ಕೇಳಿ. ಅಗ್ರಿಮೆಂಟ್‌ನಲ್ಲಿ ಬಡ್ಡಿಯ ಮಾತು ಇಲ್ಲದಿದ್ದರೂ, ಬಡ್ಡಿ ಬೇಕು ಎಂದು ಬರವಣಿಗೆಯಲ್ಲಿ ಕೇಳಿದ್ದರೆ ಆ ನೋಟಿಸ್‌ನ ತಾರೀಖಿನಿಂದ ಕೊಡಿಸಲು 1978ರ ಬಡ್ಡಿ ಕಾಯ್ದೆಯಲ್ಲಿ ದಾರಿ ಇದೆ. ಕೇಳದಿದ್ದರೆ ಅಷ್ಟು ತಿಂಗಳ ಬಡ್ಡಿ ಸುಮ್ನೆ ಹೋಯಿತು.

ಅದಕ್ಕೂ ಬಗ್ಗದಿದ್ದರೆ ನೇರ ಕೋರ್ಟಿಗೆ ಓಡುವ ಮೊದಲು ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಜನರಿಗೆ ಇದು ಗೊತ್ತೇ ಇಲ್ಲ, ಗೊತ್ತಿದ್ದವರು ಬಡವರಿಗೆ ಮಾತ್ರ ಎಂದುಕೊಂಡಿದ್ದಾರೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಇದೆ. ನೀವು ಹೆಣ್ಣುಮಗಳು, ಅಗ್ರಿಮೆಂಟ್ ನಿಮ್ಮ ಹೆಸರಲ್ಲಿದೆ, ದೂರುದಾರರು ನೀವೇ. 15100 ಎಂಬ ಸಹಾಯವಾಣಿಗೆ ಫೋನ್ ಮಾಡಿದರೆ ಎಲ್ಲಿಗೆ ಹೋಗಬೇಕು ಎಂದು ಹೇಳುತ್ತಾರೆ. ಕೇಸ್ ಹಾಕುವ ಮೊದಲೇ ಲೋಕ ಅದಾಲತ್ ಮುಂದೆ ಇಡುವ ವ್ಯವಸ್ಥೆ ಇದೆ. ಓನರ್‌ಗೆ ಅಲ್ಲಿಂದ ಕರೆ ಹೋಗುತ್ತದೆ, ಇಬ್ಬರನ್ನೂ ಕೂರಿಸಿ ಮಾತಾಡಿಸುತ್ತಾರೆ. ಒಪ್ಪಂದ ಆದರೆ ಅದಕ್ಕೆ ಕೋರ್ಟಿನ ಡಿಕ್ರಿಯ ಬೆಲೆ, ಅದರ ಮೇಲೆ ಅಪೀಲು ಇಲ್ಲ. ಇದರ ಕೊರತೆಯನ್ನೂ ಹೇಳಬೇಕು: ಅವರು ಬರದಿದ್ದರೆ, ಅಥವಾ ಬಂದು ‘ಒಪ್ಪಲ್ಲ’ ಎಂದರೆ ಲೋಕ ಅದಾಲತ್ ಬಲವಂತ ಮಾಡುವುದಿಲ್ಲ. ಆದರೂ ಲಕ್ಷ ಒಂದೂವರೆ ಲಕ್ಷದ ಜಗಳಗಳು ಇಲ್ಲಿ ಮುಗಿಯುವುದೇ ಲೇಸು. ಸರ್ಕಾರಿ ಸೀಲು ಇರುವ ಕಾಗದ ಮನೆಗೆ ಬಂದಾಗ ಓನರ್ ಮನೆಯವರೇ ‘ಕೊಟ್ಟು ಕೈತೊಳೆದುಕೊಳ್ಳಿ’ ಎನ್ನುತ್ತಾರೆ.

ಕೊನೆಯದು ಹಣ ವಸೂಲಿಯ ದಾವೆ. ಸಮಯ ಮೂರು ವರ್ಷ. ‘ಇನ್ನೂ ಮೂರು ವರ್ಷ ಇದೆಯಲ್ಲ’ ಎಂದು ಮಲಗಬೇಡಿ. ಅವರು ಬಾಕಿಯನ್ನು ಒಪ್ಪಿ ಸಹಿ ಮಾಡಿದ ಬರಹ ಕೊಟ್ಟರೆ ಆ ದಿನದಿಂದ ಮೂರು ವರ್ಷ ಹೊಸದಾಗಿ ಶುರುವಾಗುತ್ತದೆ, ಆದರೆ ಕಾನೂನು ಕೇಳುವುದು ಸಹಿಯನ್ನು. ವಾಟ್ಸ್‌ಆ್ಯಪ್ ಮಾತನ್ನು ನೆಚ್ಚಿ ಗಡುವು ದಾಟಿಸಿಕೊಂಡರೆ ಕಷ್ಟ. ಇನ್ನೊಂದು ಕಡೆ ತೊಡಕಿದೆ. ನಿಮ್ಮ ಅಗ್ರಿಮೆಂಟ್ ಎಷ್ಟು ರೂಪಾಯಿಯ ಇ-ಸ್ಟ್ಯಾಂಪ್ ಮೇಲಿದೆ ನೋಡಿ. ಹನ್ನೊಂದು ತಿಂಗಳದ್ದಾದ್ದರಿಂದ ನೋಂದಣಿ ಬೇಕಿರಲಿಲ್ಲ, ಅದು ಸರಿ. ಆದರೆ ಸ್ಟ್ಯಾಂಪ್ ಶುಲ್ಕ ಕಮ್ಮಿ ಕಟ್ಟಿದ್ದರೆ, ಕರ್ನಾಟಕ ಸ್ಟ್ಯಾಂಪ್ ಕಾಯ್ದೆಯಂತೆ ಕಮ್ಮಿಯಾದದ್ದನ್ನೂ ಅದರ ಹತ್ತು ಪಟ್ಟು ದಂಡವನ್ನೂ ಕಟ್ಟಿದ ಮೇಲೆಯೇ ಕೋರ್ಟ್ ಅದನ್ನು ಸಾಕ್ಷಿಯಾಗಿ ತಗೊಳ್ಳುತ್ತದೆ. ಬಾಡಿಗೆ ಕರಾರಿಗೆ ಈ ಮೊತ್ತ ಅಂಥ ದೊಡ್ಡದೇನೂ ಆಗುವುದಿಲ್ಲ, ಆದರೆ ಮೊದಲೇ ಗೊತ್ತಿದ್ದರೆ ಒಳ್ಳೆಯದು. ಬ್ಯಾಂಕ್ ಸ್ಟೇಟ್‌ಮೆಂಟ್ ಹೇಗೂ ಇದೆ. ಯಾವ ಕೋರ್ಟು, ಎಷ್ಟು ಶುಲ್ಕ ಎಂಬುದನ್ನು ವಕೀಲರು ಮೊತ್ತ ನೋಡಿ ಹೇಳುತ್ತಾರೆ. ದಾವೆ ಗೆದ್ದರೂ ವರ್ಷಗಳು ಹಿಡಿಯಬಹುದು ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಅದಕ್ಕೇ ಇದನ್ನು ಕೊನೆಗಿಟ್ಟಿದ್ದು.

ಮನೆ ಮಾರಿದರೆ ಏನು ಗತಿ? ಭಯ ಬೇಡ. ಆಸ್ತಿ ವರ್ಗಾವಣೆ ಕಾಯ್ದೆಯ 109ನೇ ಸೆಕ್ಷನ್ ಪ್ರಕಾರ, ಬಾಡಿಗೆಗೆ ಕೊಟ್ಟ ಮನೆಯನ್ನು ಮಾರಿದ ಮಾತ್ರಕ್ಕೆ ಹಳೇ ಓನರ್‌ನ ಹೊಣೆ ತೀರುವುದಿಲ್ಲ. ಬಾಡಿಗೆದಾರರು ತಾವಾಗಿ ‘ಇನ್ನು ಹೊಸಬರೇ ನನಗೆ ಹೊಣೆ’ ಎಂದು ಒಪ್ಪಿದರೆ ಮಾತ್ರ ಅವರು ಪಾರು. ನಿಮ್ಮ ವಿಷಯದಲ್ಲಂತೂ ಮಾರುವ ಮೊದಲೇ ಬಾಡಿಗೆ ಮುಗಿದಿದೆ, ಹಣ ತಗೊಂಡವರೇ ಕೊಡಬೇಕು. ‘ಕೊಂಡವರ ಹತ್ತಿರ ಇಸ್ಕೊಳ್ಳಿ’ ಎಂದರೆ ಹೂಂ ಎನ್ನಬೇಡಿ. ಓನರ್ ತೀರಿಕೊಂಡರೆ ಅವರ ಆಸ್ತಿ ಪಡೆದ ವಾರಸುದಾರರು, ಪಡೆದಷ್ಟರ ಮಟ್ಟಿಗೆ, ಹೊಣೆಗಾರರು.

ಈ ಉತ್ತರ ಓದುತ್ತಿರುವವರಲ್ಲಿ ಇನ್ನೂ ಮನೆ ಬಿಡದವರು ಇದ್ದರೆ ಅವರಿಗೊಂದು ಮಾತು. ನಿಮ್ಮ ಕೈಲಿರುವ ಹಿಡಿತ ಬೀಗದ ಕೈ. ಬಿಡುವ ಹಿಂದಿನ ವಾರ ಓನರ್ ಅವರನ್ನು ಮನೆಗೆ ಕರೆದು, ಕೋಣೆ ಕೋಣೆ ತೋರಿಸಿ, ಏನು ಮುರಿದುಕೊಳ್ಳುತ್ತೀರಿ ಎಂದು ಆಗಲೇ ಬರೆಸಿಕೊಳ್ಳಿ. ಹಣ ಖಾತೆಗೆ ಬಂದ ಸದ್ದು ಫೋನಿನಲ್ಲಿ ಕೇಳಿದ ಮೇಲೆ ಕೀ ಕೊಡುವುದು, ಇದನ್ನು ಅಗ್ರಿಮೆಂಟ್‌ನಲ್ಲೇ ಬರೆಸಿದರೆ ಇನ್ನೂ ಮೇಲು. ‘ಕೊನೆಯ ಎರಡು ಮೂರು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಿ’ ಎನ್ನುವ ಉಪಾಯ ಬಹಳ ಜನ ಮಾಡುತ್ತಾರೆ. ಓನರ್ ಬರವಣಿಗೆಯಲ್ಲಿ ಒಪ್ಪಿದರೆ ಅದರಷ್ಟು ಸಲೀಸು ಬೇರೆ ಇಲ್ಲ. ಒಪ್ಪದೆ ಮಾಡಿದರೆ ಬಾಡಿಗೆ ಬಾಕಿ ಇಟ್ಟವರು ನೀವಾಗುತ್ತೀರಿ.

ಬಾಡಿಗೆಯೇ ಇಲ್ಲದೆ ಎಂಟು ಹತ್ತು ಲಕ್ಷ ಕೊಟ್ಟು ‘ಲೀಸ್‌ಗೆ’ ಅಥವಾ ಭೋಗ್ಯಕ್ಕೆ ಮನೆ ಹಾಕಿಕೊಂಡವರ ಕಥೆ ಬೇರೆಯೇ. ಆ ಮನೆಯ ಮೇಲೆ ಬ್ಯಾಂಕ್ ಸಾಲ ಇದ್ದು ಬ್ಯಾಂಕಿನವರು ಬೀಗ ಹಾಕಲು ಬಂದರೆ ಈ ಉತ್ತರದ ಅರ್ಧ ಉಪಯೋಗಕ್ಕೆ ಬರುವುದಿಲ್ಲ. ಅಂಥವರು ಹಣ ಕೊಡುವ ಮೊದಲೇ ಋಣಭಾರ ಪ್ರಮಾಣಪತ್ರ ತೆಗೆಸಿ, ಕರಾರು ನೋಂದಣಿ ಮಾಡಿಸಬೇಕು. ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ನಿಮ್ಮ ವಿಷಯಕ್ಕೆ ವಾಪಸ್ ಬರೋಣ. ನೋಟಿಸ್ ತಲುಪಿದ ಮೇಲೆ ಮೂರು ನಾಲ್ಕು ದಿನದಲ್ಲಿ ಅವರಿಂದ ಫೋನ್ ಬರುತ್ತದೆ ಎಂದು ನನ್ನ ಊಹೆ. ‘ಏನಮ್ಮಾ, ಮನೆ ಮಕ್ಕಳ ಥರ ನೋಡ್ಕೊಂಡ್ವಿ, ವಕೀಲರವರೆಗೂ ಹೋಗ್ಬಿಟ್ರಾ’ ಎಂದು ಶುರುವಾಗಿ, ‘ಆಗಲಿ, ಒಂದು ಲಕ್ಷ ತಗೊಳ್ಳಿ, ಮುಗಿಸೋಣ’ ಎಂಬಲ್ಲಿಗೆ ಬರುತ್ತದೆ. ಫೋನಿನಲ್ಲಿ ಹೂಂ ಅನ್ನಬೇಡಿ, ‘ಮನೆಯವರನ್ನು ಕೇಳಿ ಮೆಸೇಜ್ ಮಾಡ್ತೀನಿ’ ಎನ್ನಿ. 1,21,000ಕ್ಕೆ ಪಟ್ಟು ಹಿಡಿಯಬೇಕೇ? ನನ್ನನ್ನು ಕೇಳಿದರೆ 1,10,000 ಒಂದೇ ಕಂತಿನಲ್ಲಿ, ಅದೇ ದಿನ ಬರುವುದಾದರೆ ತಗೊಂಡು ಮುಗಿಸಿ. ಆ ಹನ್ನೊಂದು ಸಾವಿರಕ್ಕಾಗಿ ಕೋರ್ಟಿನ ಮೆಟ್ಟಿಲು ಹತ್ತುವುದು ಲಾಭವಲ್ಲ. ಅದಕ್ಕಿಂತ ಕೆಳಗೆ ಇಳಿಯಬೇಡಿ.

ಕಂತು ಎಂದರೆ ಪ್ರತಿ ಕಂತಿಗೂ ತಾರೀಖು ಹಾಕಿದ ಚೆಕ್ ಈಗಲೇ ಕೊಡಿ ಎನ್ನಿ. ಚೆಕ್ ಬೌನ್ಸ್ ಆದರೆ ಆಟವೇ ಬದಲಾಗುತ್ತದೆ. ಅದು ಚೆಕ್‌ಗಳಿಗೆ ಅನ್ವಯಿಸುವ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಕೆಳಗೆ ಅಪರಾಧ, ಎರಡು ವರ್ಷದವರೆಗೆ ಜೈಲು ಅಥವಾ ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಇಲ್ಲವೇ ಎರಡೂ. ಆದರೆ ದಿನಗಳ ಲೆಕ್ಕ ಬಿಗಿ. ಚೆಕ್ ಮೇಲಿನ ತಾರೀಖಿನಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು. ವಾಪಸ್ ಬಂದ ಮೆಮೊ ಕೈಗೆ ಸಿಕ್ಕ ಮೂವತ್ತು ದಿನದೊಳಗೆ ನೋಟಿಸ್ ಕೊಡಬೇಕು, ಅವರಿಗೆ ಹದಿನೈದು ದಿನ ಬಿಡಬೇಕು, ಆಮೇಲೆ ಒಂದು ತಿಂಗಳೊಳಗೆ ದೂರು.

‘ಪೂರ್ತಿ ಹಣ ಸಂದಾಯವಾಗಿದೆ, ಇನ್ನೇನೂ ಬಾಕಿ ಇಲ್ಲ’ ಎಂಬ ರಸೀದಿಗೆ ಅವರು ಸಹಿ ಕೇಳುತ್ತಾರೆ. ಕೇಳುವುದು ನ್ಯಾಯವೇ, ಕೊಡಿ. ಹಣ ಖಾತೆಗೆ ಬಿದ್ದು, ನೀವು ಬ್ಯಾಲೆನ್ಸ್ ನೋಡಿದ ಮೇಲೆ.